ಮೂರು ಚುಕ್ಕೆ

ಬೆಳಗಿನ ಟೀ ಇನ್ನೂ ಗಂಟಲಿಳಿದಿರಲಿಲ್ಲ, ಮೊಣಕೈ ತಾಗಿ ಬೆಂಚಿನ ಮೇಲಿದ್ದ ಕ್ಲಾಂಪು ಸಿಮೆಂಟು ನೆಲಕ್ಕೆ ಬಿತ್ತು. ಬಿದ್ದದ್ದು ಎರಡು ಹೋಳಾಯಿತು. ಕಬ್ಬಿಣ ಅಂದಮೇಲೆ ಬೀಳುತ್ತದೆ, ಅದಕ್ಕೇನು ಹಲ್ಲಿದೆಯೇ ಮುರಿದುಕೊಳ್ಳಲಿಕ್ಕೆ? ಆದರೆ ಸೊಂಟದೆತ್ತರದಿಂದ ಬಿದ್ದ ಕಬ್ಬಿಣ ಮಣ್ಣಿನ ಮಡಕೆಯ ಹಾಗೆ ಒಡೆದರೆ ಅದನ್ನು ಪಾಸು ಮಾಡಿದವನ ಗತಿ ಏನು, ನೀವೇ ಹೇಳಿ. ಕಿವಿ ಮೇಷ್ಟ್ರು ಲೋಟ ಪಕ್ಕಕ್ಕಿಟ್ಟು, ಬಗ್ಗಿ, ಎರಡೂ ಹೋಳನ್ನು ಎತ್ತಿಕೊಂಡರು. ಹೊರಮೈ ಮೇಲೆ ಅವರದೇ ಮೂರು ಚುಕ್ಕೆ ಇತ್ತು.

ಈ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕರೆಂಟು ಕಂಬದ ಸಾಮಾನು ಮಾಡುವ ವರ್ಕ್‌ಶಾಪಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಮಾಲು ಪರೀಕ್ಷೆ ಮಾಡುವವರು. ಕಂಬದ ನೆತ್ತಿಯಲ್ಲಿ ತಂತಿ ಹೊರಲು ಒಂದು ಅಡ್ಡ ಕಬ್ಬಿಣ ಇರುತ್ತದಲ್ಲ, ಲೈನಿನವರು ಕ್ರಾಸ್ ಆರ್ಮ್ ಅನ್ನುವುದು, ಅದನ್ನು ಕಂಬಕ್ಕೆ ತಬ್ಬಿಸಿ ಹಿಡಿಯುವುದು ಈ ಅರ್ಧಚಂದ್ರದ ಕ್ಲಾಂಪು. ಅಡ್ಡ ಕಬ್ಬಿಣ ಒಂದು ಪಕ್ಕಕ್ಕೆ ವಾಲದ ಹಾಗೆ ಕೆಳಗಿನಿಂದ ಆನಿಸಿ ಹಿಡಿಯುವುದು ಎರಡು ಓರೆ ಪಟ್ಟಿ. ದಾರಿಹೋಕರು ಯಾರೂ ತಲೆಯೆತ್ತಿ ನೋಡದ ಸಾಮಾನು. ಅದು ಕೈಕೊಟ್ಟ ದಿನ ಮಾತ್ರ ಊರೆಲ್ಲ ಬಂದು ನೋಡುತ್ತದೆ.

ಕ್ಲಾಂಪು ಮಾಡಲು ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಅಚ್ಚಿನ ಮೇಲೆ ಬಗ್ಗಿಸಬೇಕು. ಕಾವು ಸಾಲದೆ ಹೋದರೆ ಬಾಗಿದ ಕಡೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆಮೇಲೆ ಅದನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ ಮುಗಿಯಿತು, ಬಿರುಕು ಬೆಳ್ಳಗೆ ಮುಚ್ಚಿಹೋಗುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಸಿಗದು. ಆ ವರ್ಕ್‌ಶಾಪಿನಲ್ಲಿ ಅದಕ್ಕಿದ್ದ ಉಪಾಯ ಒಂದೇ. ಕ್ಲಾಂಪನ್ನು ತಂತಿಯ ಕೊಕ್ಕೆಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಒಂದು ಏಟು. ಗಟ್ಟಿಯಿದ್ದರೆ ಣಿಂಯ್ ಎಂದು ಎಳೆಯುತ್ತದೆ, ಬಿರುಕಿದ್ದರೆ ಟಪ್ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. ಈ ಎರಡರ ನಡುವಿನ ಸಣ್ಣ ಸದ್ದುಗಳೂ ಮೇಷ್ಟ್ರಿಗೆ ಗೊತ್ತಿದ್ದವು. ಅದಕ್ಕೇ ಅವರು ಕಿವಿ ಮೇಷ್ಟ್ರು. ಪಾಸಾದ ಮಾಲಿಗೆ ಉಳಿಯಿಟ್ಟು ಮೂರು ಚುಕ್ಕೆ ಕುಟ್ಟುತ್ತಿದ್ದರು.

ಆ ಕಿವಿ ಕೆಟ್ಟು ಎಂಟು ತಿಂಗಳಾಗಿತ್ತು.

ಮೊದಲು ಹೋದದ್ದು ಚಿಕ್ಕ ಚಿಕ್ಕ ಸದ್ದು: ಗಡಿಯಾರದ ಟಿಕ್‌ಟಿಕ್, ಕುಕ್ಕರಿನ ಸೀಟಿಯ ಕೊನೆ, ಹಿಂದಿನಿಂದ ಕರೆದ ಧ್ವನಿ. ಆಮೇಲೆ ಣಿಂಯ್ ಎನ್ನುವುದರ ಎಳೆ ದಿನದಿನಕ್ಕೆ ಗಿಡ್ಡವಾಗುತ್ತ ಬಂತು. ಮನೆಯಲ್ಲಿ ಕೇಳಿಸದ ಮಾತಿಗೆಲ್ಲ ಅವರು "ಹೂಂ" ಅನ್ನತೊಡಗಿದರು. ಹೆಂಡತಿಗೋ ಬಲು ಖುಷಿ. "ಮದುವೆಯಾಗಿ ಮೂವತ್ತು ವರ್ಷಕ್ಕೆ ನನ್ನ ಮಾತಿಗೆ ಹೂಂ ಅನ್ನೋದು ಕಲಿತಿರಲ್ಲ, ದೊಡ್ಡ ಮನಸ್ಸು" ಎಂದು ಬಂದವರೆದುರು ಆಡಿಕೊಂಡು ನಗುತ್ತಿದ್ದಳು. ಮೇಷ್ಟ್ರೂ ಅವರೆಲ್ಲರ ತುಟಿ ನೋಡಿಕೊಂಡು ನಗುತ್ತಿದ್ದರು. ಒಳಗೆ ಮಾತ್ರ ಬೇರೆಯೇ ಲೆಕ್ಕ ನಡೆಯುತ್ತಿತ್ತು. ನಿವೃತ್ತಿಗೆ ಇನ್ನು ಎರಡು ವರ್ಷ. ಕಿವಿ ಹೋದ ಕಿವಿ ಮೇಷ್ಟ್ರನ್ನು ವರ್ಕ್‌ಶಾಪಿನವರು ಯಾವ ಮೂಲೆಯಲ್ಲಿ ಕೂರಿಸುತ್ತಾರೆ? ಗುಡಿಸುವ ಕೆಲಸ ಕೊಟ್ಟಾರು, ಬೆನ್ನ ಹಿಂದೆ ನಕ್ಕಾರು. ಆ ನಗೆಯೂ ತಮಗೆ ಕೇಳಿಸುವುದಿಲ್ಲವಲ್ಲ ಎಂದುಕೊಂಡಾಗ ಅವರಿಗೆ ಅಳು ಬರುತ್ತಿತ್ತು.

ಹಾಗಾಗಿ ಒಂದು ದಾರಿ ಹುಡುಕಿಕೊಂಡಿದ್ದರು. ಏಟು ಕೊಟ್ಟ ಕೂಡಲೇ ಕ್ಲಾಂಪಿನ ತುದಿಗೆ ಬೆರಳು ತಾಗಿಸುವುದು. ಗಟ್ಟಿ ಮಾಲು ಬೆರಳಿನಡಿ ಜುಮ್ಮೆನ್ನುತ್ತದೆ. ಬಿರುಕಿನ ಮಾಲು ಜುಮ್ಮೆನ್ನುವುದಿಲ್ಲ ಎಂದು ಅವರಿಗೆ ಅವರೇ ಹೇಳಿಕೊಂಡಿದ್ದರು. ನಂಬಿಯೂ ಬಿಟ್ಟಿದ್ದರು.

ಈಗ ಒಡೆದ ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಡೆದ ಮೈಯಲ್ಲಿ ಅರ್ಧ ಹೊಸದಾಗಿ ಹೊಳೆಯುತ್ತಿತ್ತು. ಇನ್ನರ್ಧದ ಒಳಗೆ ಸತು ಇಳಿದು ಗಟ್ಟಿಯಾಗಿತ್ತು. ಅಂದರೆ ಸತುವಿಗೆ ಅದ್ದುವ ಮೊದಲೇ ಅಲ್ಲಿ ಬಿರುಕಿತ್ತು. ಮೇಷ್ಟ್ರು ಅದನ್ನು ತೂಗುಹಾಕಿ, ಬಡಿದು, ಬೆರಳಿಟ್ಟು, ಚುಕ್ಕೆ ಕುಟ್ಟಿದ್ದರು.

ಪ್ರತಿ ಲಾಟಿನಿಂದ ಎರಡು ಕ್ಲಾಂಪು ಮಾದರಿಗೆಂದು ಬೆಂಚಿನ ಮೇಲೆ ಉಳಿಸಿಕೊಳ್ಳುವುದು ಅಲ್ಲಿನ ರೂಢಿ. ಜೊತೆಯದು ಅಲ್ಲೇ ಇತ್ತು. ಅದನ್ನು ಕೊಕ್ಕೆಗೆ ಹಾಕಿದರು. ಬಡಿದರು. ಬೆರಳು ಜುಮ್ಮೆಂದಿತು. ಪಕ್ಕದ ಮೆಷಿನ್ನಿನಲ್ಲಿ ತೂತು ಕೊರೆಯುವ ಡ್ರಿಲ್ ಅಕ್ಕ ಅದರ ಗದ್ದಲ ನಿಲ್ಲಿಸಿ ಊದಿ ಊದಿ ಟೀ ಕುಡಿಯುತ್ತಿದ್ದಳು. ಮೇಷ್ಟ್ರು ಮುಖದ ಮೇಲೆ ಹೇಗೋ ಒಂದು ನಗೆ ಎಳೆದುಕೊಂಡು ಅವಳತ್ತ ತಿರುಗಿದರು.

"ಅಕ್ಕಾ, ನಿನ್ನ ಕಿವಿಗೊಂದು ಪರೀಕ್ಷೆ. ಇದು ಪಾಸೋ ಫೇಲೋ ಹೇಳು."

ಮತ್ತೆ ಬಡಿದರು. ಅವಳು ತಲೆ ಓರೆ ಮಾಡಿ ಕೇಳಿ ನಕ್ಕಳು. "ನಂಗೆ ಅಷ್ಟೂ ಗೊತ್ತಾಗಲ್ವಾ ಮೇಷ್ಟ್ರೇ? ಟಪ್ ಅಂತು. ಫೇಲು."

ಮೇಷ್ಟ್ರು ಸುತ್ತಿಗೆ ಕೆಳಗಿಟ್ಟರು.

ಕೊಕ್ಕೆಯಲ್ಲಿ ಇನ್ನೂ ತೂಗುತ್ತಿದ್ದ ಕ್ಲಾಂಪಿನ ಚೀಟಿ ನೋಡಿದರು. ಇನ್ನೂರ ನಲವತ್ತು ಕ್ಲಾಂಪಿನ ಲಾಟು, ಹೋದ ವಾರ ಲಾರಿ ಹತ್ತಿದ್ದು. ಎಲ್ಲಿಗೆ ಅಂತ ಚೀಟಿ ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಕಲ್ಲುಕೋರೆಯ ಪಕ್ಕದ ಹೊಸ ಲೈನಿಗೆ. ಅಲ್ಲಿ ಕಂಬ ಹತ್ತುವವನು ಅವರ ಒಡಹುಟ್ಟಿದ ತಮ್ಮ.

ತಮ್ಮನನ್ನು ಗ್ಯಾಂಗಿನವರು ಕರೆಯುವುದು ಉಡ ಎಂದು. ಕಂಬಕ್ಕೆ ಕಾಲು ಕೊಟ್ಟನೆಂದರೆ ಅವನ ಪಟ್ಟು ಬಿಡಿಸುವವರಿಲ್ಲ. ಲೈನಿನಲ್ಲಿ ಒಂದು ಪದ್ಧತಿ ಇದೆ: ಕ್ಲಾಂಪು ಮೇಲೆ ಕಟ್ಟುವ ಮೊದಲು ನಟ್ಟು ಬಿಗಿಯುವ ಪಾನಾದಿಂದ ಒಂದು ಸಲ ಬಡಿದು ಕೇಳುವುದು. ಆ ಪದ್ಧತಿಯನ್ನು ಮುರಿದವನು ಇದೇ ಉಡ. ವರ್ಷಗಳ ಹಿಂದೆ ಮನೆಯಲ್ಲಿ ಎಲ್ಲರೆದುರು ಊಟಕ್ಕೆ ಕೂತಾಗ ಹೇಳಿದ್ದ, "ನಮ್ಮಣ್ಣನ ಮೂರು ಚುಕ್ಕೆ ಕಂಡರೆ ನಾನು ಬಡಿಯೋದೇ ಇಲ್ಲ. ಕಣ್ಣು ಮುಚ್ಚಿ ಮೈ ಒರಗಿಸ್ತೀನಿ." ಅದೇ ಮಾತನ್ನು ಎಲ್ಲ ಗ್ಯಾಂಗಿನಲ್ಲೂ ಕೊಚ್ಚಿಕೊಂಡು ತಿರುಗಿದ್ದ. ಅಂದು ಮೇಷ್ಟ್ರಿಗೆ ಹೊಟ್ಟೆ ತುಂಬಿದ್ದು ಆ ಮಾತಿನಿಂದ. 

ಮೇಷ್ಟ್ರು ತಮ್ಮನ ನಂಬರಿಗೆ ಫೋನು ಮಾಡಿದರು. ತುಂಬ ಹೊತ್ತಿಗೆ ಯಾರೋ ಎತ್ತಿದ ಹಾಗಾಯಿತು, ಯಾವುದೋ ಗಂಡು ಧ್ವನಿ ಗೊಣಗೊಣ ಎಂದಿತು. ಎದುರಿಗೆ ನಿಂತವರ ತುಟಿ ಓದಬಹುದು, ಫೋನಿಗೆಲ್ಲಿಯ ತುಟಿ? "ನನ್ನ ತಮ್ಮನ್ನ ಮೇಲೆ ಹತ್ತಿಸಬೇಡಿ" ಎಂದು ಮೂರು ಸಲ ಹೇಳಿದರು. ಆ ಕಡೆಯಿಂದ ಮತ್ತೆ ಗೊಣಗೊಣ, ಆಮೇಲೆ ಏನೂ ಇಲ್ಲ. ಕೇಳಿಸಿತೋ, ಕಟ್ಟಾಯಿತೋ, ತಿಳಿಯಲಿಲ್ಲ. ತಮ್ಮನ ಹೆಂಡತಿಗೆ ಒಂದು ಮೆಸೇಜು ಹಾಕಿದರು: ಅವನು ಇವತ್ತು ಎಲ್ಲಿ? ತಕ್ಷಣ ಉತ್ತರ ಬಂತು. "ಲೈನಿಗೆ ಹೋಗಿದ್ದಾರೆ ಭಾವ. ಇವತ್ತು ತಂತಿ ಎಳೀತಾರಂತೆ. ಯಾಕೆ?"

ತಂತಿ ಎಳೆಯುವ ದಿನವೇ ಕ್ಲಾಂಪಿನ ಮೇಲೆ ನಿಜವಾದ ಭಾರ ಬೀಳುವುದು. ಅಲ್ಲಿಯವರೆಗೆ ಅದು ಕಂಬಕ್ಕೆ ಹಾಕಿದ ಬಳೆ. ಮೇಷ್ಟ್ರು "ಸುಮ್ನೆ ಕೇಳಿದೆ" ಎಂದು ಬರೆದು ಕಳಿಸಿದರು.

ಮಾಲೀಕರ ಕೋಣೆಯ ಬಾಗಿಲವರೆಗೆ ಹೋದರು. ಮಾಲೀಕರು ಸಜ್ಜನರೇ, ಕನ್ನಡಕ ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಈಗ ಹೇಳಿದರೆ ಒಂದು ಫೋನಿನಲ್ಲಿ ಲೈನಿನ ಕೆಲಸವೆಲ್ಲ ನಿಲ್ಲುತ್ತದೆ. ಆದರೆ ಯಾಕೆ ಎಂದು ಕೇಳುತ್ತಾರೆ. ನೀವು ಪಾಸು ಮಾಡಿದ್ದು ಹೇಗೆ ಎಂದು ಕೇಳುತ್ತಾರೆ.  ಮೇಷ್ಟ್ರ ಬಾಯಿಂದ ಹೊರಬಿದ್ದ ಮಾತು ಬೇರೆಯೇ.

"ಮನೇಲಿ ಸ್ವಲ್ಪ ಅರ್ಜೆಂಟು. ಹೋಗಿ ಬರ್ತೀನಿ."

ಹೇಡಿ ಅನ್ನುವಿರೋ? ಅನ್ನಿ. ಅವರೂ ಸ್ಕೂಟರಿನ ಕಿಕ್ಕು ಹೊಡೆಯುತ್ತ ತಮಗೆ ತಾವೇ ಅದನ್ನೇ ಅಂದುಕೊಂಡರು. ಆದರೂ ಮೊದಲು ತಮ್ಮನನ್ನು ಇಳಿಸುತ್ತೇನೆ, ಉಳಿದದ್ದು ಆಮೇಲೆ ಎಂದು ಹೊರಟರು.

ಮುಕ್ಕಾಲು ಗಂಟೆಯ ದಾರಿ. ಗಾಡಿಯ ಮೇಲೆ ಅವರು ಎಂದೂ ಹೆದರಿದವರಲ್ಲ, ಇವತ್ತು ಹೆದರಿದರು. ಹಿಂದೆ ಬರುವುದು ಏನೂ ತಿಳಿಯುತ್ತಿರಲಿಲ್ಲ. ಒಂದು ತಿರುವಿನಲ್ಲಿ ಲಾರಿಯೊಂದು ತೋಳಿಗೆ ಗಾಳಿ ಬಡಿಯುವಷ್ಟು ಹತ್ತಿರದಿಂದ ನುಗ್ಗಿತು. ಎಷ್ಟು ಹೊತ್ತಿನಿಂದ ಹಾರ್ನ್ ಹೊಡೆಯುತ್ತಿದ್ದನೋ ಪುಣ್ಯಾತ್ಮ, ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಬೈದ. ಮಾತು ಕೇಳಿಸಲಿಲ್ಲ, ತುಟಿ ಮಾತ್ರ ಚೆನ್ನಾಗಿ ಕಂಡಿತು: ಕಿವುಡನೇನಯ್ಯಾ. ಎಂಟು ತಿಂಗಳಲ್ಲಿ ಯಾರಿಗೂ ಗೊತ್ತಾಗದ ಗುಟ್ಟು ಒಬ್ಬ ಲಾರಿ ಡ್ರೈವರಿಗೆ ಅರೆಗಳಿಗೆಯಲ್ಲಿ ಗೊತ್ತಾಗಿತ್ತು.

ದಾರಿಯುದ್ದಕ್ಕೂ ಕಂಬಗಳು. ಇಷ್ಟು ವರ್ಷ ಆ ಕಂಬಗಳನ್ನು ಅವರು ಹೆಮ್ಮೆಯಿಂದ ನೋಡಿದ್ದರು, ಇದು ನನ್ನದು, ಅದು ನನ್ನದು ಎಂದು. ಇವತ್ತು ಪ್ರತಿ ಕಂಬದ ನೆತ್ತಿ ನೋಡಿದಾಗಲೂ ಇದು ಯಾವ ವರ್ಷದ್ದು, ಕಿವಿ ಇದ್ದಾಗಿನದೋ ಹೋದಮೇಲಿನದೋ ಎಂದು ಕೇಳಿಕೊಳ್ಳುತ್ತಿದ್ದರು. ಒಂದು ಕಂಬದ ಕೆಳಗೆ ಬಸ್ಸಿಗೆ ಕಾಯುವವರು ನಿಂತಿದ್ದರು. ಆ ಕಡೆ ನೋಡಬಾರದೆಂದು ಮುಖ ತಿರುಗಿಸಿಕೊಂಡರು.

ಲೈನು ಮುಟ್ಟಿದಾಗ ಬಿಸಿಲು ಏರುತ್ತಿತ್ತು. ಬಯಲಿನಲ್ಲಿ ಹೊಸ ಕಂಬಗಳು ಸಾಲಾಗಿ ನಿಂತಿದ್ದವು. ಹುಲ್ಲಿನ ಮೇಲೆ ತಂತಿ ಮಲಗಿತ್ತು. ಈ ತುದಿಯಲ್ಲಿ ತಂತಿ ಎಳೆಯುವ ಟ್ರಾಕ್ಟರು, ಅದರ ಪಕ್ಕ ಬಾಯಲ್ಲಿ ಸೀಟಿ ಕಚ್ಚಿಕೊಂಡ ಮೇಸ್ತ್ರಿ. ಅವನು ಸೀಟಿ ಊದಿದರೆ ಟ್ರಾಕ್ಟರು ಹೊರಡುತ್ತದೆ. ಊದಿದ್ದಾನೋ ಇಲ್ಲವೋ ತಮಗೆ ತಿಳಿಯುವುದು ಹೇಗೆ ಎಂದು ಮೇಷ್ಟ್ರಿಗೆ ಆಗಲೇ ಹೊಳೆದದ್ದು. 

ಉಡ ಹತ್ತಿರದ ಕಂಬದ ತುದಿಯಲ್ಲಿದ್ದ. ಬೆಲ್ಟು ಕಟ್ಟಿಕೊಂಡು, ಅಡ್ಡ ಕಬ್ಬಿಣದ ಮೇಲೆ ಎದೆಯೂರಿ ಏನನ್ನೋ ಬಿಗಿಯುತ್ತಿದ್ದ. ಕಂಬದ ಮೇಲಿರುವವನನ್ನು ಕೂಗಿ ಬೆಚ್ಚಿಬೀಳಿಸಬಾರದು, ಇದು ಲೈನಿನವರ ಮನೆಯ ಮಕ್ಕಳಿಗೂ ಗೊತ್ತು. ಮೇಷ್ಟ್ರು ಕೂಗಲಿಲ್ಲ. ಕಂಬದ ಬುಡಕ್ಕೆ ಹೋಗಿ, ಅಂಗೈಯಿಂದ ಮೆಲ್ಲಗೆ ಎರಡು ಸಲ ತಟ್ಟಿದರು. ಚಿಕ್ಕವರಿದ್ದಾಗ ಮರ ಹತ್ತಿದ ತಮ್ಮನನ್ನು ಅಪ್ಪ ಬರುವ ಮೊದಲು ಇಳಿಸಲು ಹೀಗೇ ತಟ್ಟುತ್ತಿದ್ದರು. ಉಡ ಕೆಳಗೆ ನೋಡಿದ. ಅಣ್ಣನ ಮುಖ ನೋಡಿದ ಮೇಲೆ ಏನೂ ಕೇಳದೆ ಇಳಿದು ಬಂದ. ಅವನ ಕಾಲು ನೆಲ ಮುಟ್ಟುವವರೆಗೆ ಮೇಷ್ಟ್ರು ಕಂಬದ ಮೇಲಿಟ್ಟ ಕೈ ತೆಗೆಯಲಿಲ್ಲ. ಮುಟ್ಟಿದ ಕೂಡಲೇ ಅವನ ಎರಡೂ ತೋಳು ಹಿಡಿದುಕೊಂಡರು.

"ನನ್ನ ಕಿವಿ ಹೋಗಿದೆ ಕಣೋ. ಎಂಟು ತಿಂಗಳಾಯ್ತು. ಚುಕ್ಕೆ ನಂಬಬೇಡ. ಮೇಲೆ ಹೋಗಬೇಡ."

ಉಡ ಅವರ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದ. "ಗೊತ್ತಣ್ಣ."

"ಏನು ಗೊತ್ತು?"

"ಆರು ತಿಂಗಳ ಹಿಂದೆ ನೀನು ರಸ್ತೆ ಮಧ್ಯ ನಡೀತಿದ್ದೆ. ಹಿಂದೆಯಿಂದ ಬೈಕಲ್ಲಿ ಬಂದು ಹಾರ್ನ್ ಹೊಡೆದೆ, ಹೆಸರು ಹಿಡಿದು ಕರೆದೆ. ನೀನು ತಿರುಗಲೇ ಇಲ್ಲ. ಅವತ್ತಿಂದ ಒಂದೊಂದು ಕ್ಲಾಂಪೂ ಬಡಿದು ನೋಡೇ ಹಾಕ್ತಿದ್ದೀನಿ."

ಅವನು ಕಂಬದ ಬುಡದಲ್ಲಿದ್ದ ಗೋಣಿಚೀಲವನ್ನು ಕಾಲಿನಿಂದ ಈಚೆಗೆ ನೂಕಿದ. ಒಳಗೆ ಕ್ಲಾಂಪುಗಳಿದ್ದವು, ಒಂಬತ್ತೋ ಹತ್ತೋ. ಎಲ್ಲದರ ಮೇಲೂ ಮೂರು ಚುಕ್ಕೆ. "ಇವೆಲ್ಲ ಟಪ್ ಅಂದವು. ತೂತು ಸರಿ ಕೂರಲ್ಲ ಅಂತ ಮೇಸ್ತ್ರಿಗೆ ಸುಳ್ಳು ಹೇಳಿ ಪಕ್ಕಕ್ಕಿಟ್ಟೆ. ನಿನ್ನ ಮುಖಕ್ಕೆ ಹೇಳೋಕೆ ಬಾಯಿ ಬರಲಿಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಅಲ್ಲೇ ಹುಲ್ಲಿನ ಮೇಲೆ ಕೂತರು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ನಂಬಿದ್ದರೆ ಸಾಯುತ್ತಿದ್ದ, ನಂಬದೆ ಬದುಕಿಕೊಂಡಿದ್ದ. ನಾಚಿಕೆಯಾಗಬೇಕಿತ್ತು, ಆದರೆ ಆದದ್ದು ಬರೀ ಸಂತೋಷ. ಅದು ಎಷ್ಟು ಹೊತ್ತು? ಒಂದು ಬೀಡಿ ಹಚ್ಚುವಷ್ಟು ಹೊತ್ತು. ಆಮೇಲೆ ಮೇಷ್ಟ್ರು ತಲೆಯೆತ್ತಿ ಸಾಲಿನ ಉದ್ದಕ್ಕೂ ನೋಡಿದರು. ಐದು ಕಂಬದಾಚೆ, ಇನ್ನೊಂದು ಗ್ಯಾಂಗಿನವನೊಬ್ಬ ಕಂಬದ ಮೇಲೆ ಬೆರಳಷ್ಟು ದೊಡ್ಡದಾಗಿ ಕಾಣುತ್ತಿದ್ದ.

"ಅವನು ಬಡಿದು ನೋಡಿದ್ದಾನಾ?"

ಉಡ ನೆಲ ನೋಡಿದ. ಮೇಷ್ಟ್ರು ಎದ್ದು ಅವನ ಗಲ್ಲ ಹಿಡಿದು ಮೇಲೆತ್ತಿದರು, ತುಟಿ ಕಾಣಲೆಂದು.

"ಒಂದ್ಸಲ ಹೇಳಿದ್ದೆ ಅಣ್ಣ, ಬಡಿದು ಹಾಕು ಅಂತ. 'ನಿಮ್ಮಣ್ಣನ ಮೂರು ಚುಕ್ಕೆ ಇದೆಯಲ್ಲ, ನೀನೇ ಹೇಳ್ತಿದ್ದೆಯಲ್ಲ' ಅಂದ. ನಾನು ಸುಮ್ಮನಾದೆ."

ಆ ಹೊತ್ತಿಗೇ ಹುಲ್ಲಿನಲ್ಲಿ ಏನೋ ಸರಿದ ಹಾಗಾಯಿತು. ಮೇಷ್ಟ್ರಿಗೆ ಸೀಟಿ ಕೇಳಿಸಲಿಲ್ಲ, ಅವರು ಕಂಡದ್ದು ತಂತಿ ಏಳುವುದನ್ನು. ಮಲಗಿದ್ದ ತಂತಿ ಹುಲ್ಲಿನಿಂದ ಬೆನ್ನೆತ್ತಿ, ಮೊಣಕಾಲೆತ್ತರಕ್ಕೆ, ಸೊಂಟದೆತ್ತರಕ್ಕೆ ಏರುತ್ತಿತ್ತು. ಉಡ ಆಗಲೇ ಟ್ರಾಕ್ಟರಿನ ಕಡೆ ಓಡುತ್ತಿದ್ದ, ಎರಡೂ ಕೈ ಬೀಸುತ್ತ. ಮೇಷ್ಟ್ರು ದೂರದ ಕಂಬದ ಕಡೆ ಓಡಿದರು. ಐವತ್ತಾರರ ಕಾಲು, ಎಷ್ಟು ಓಡೀತು? ಕೂಗಬಾರದೆಂದು ಗೊತ್ತಿದ್ದೂ ಕೂಗಿದರು. ತಮ್ಮ ಕೂಗು ಎಷ್ಟು ದೊಡ್ಡದಿತ್ತೆಂದೂ ಅವರಿಗೆ ತಿಳಿಯಲಿಲ್ಲ.

ದೂರದ ಅಡ್ಡ ಕಬ್ಬಿಣ ಒಮ್ಮೆ ನಡುಗಿತು. ಆಮೇಲೆ, ಯಾವ ಸದ್ದೂ ಇಲ್ಲದೆ, ಅವರಿಗೆ ಜಗತ್ತಿನಲ್ಲಿ ಈಗ ಎಲ್ಲ ನಡೆಯುವುದೂ ಸದ್ದಿಲ್ಲದೇ, ಒಂದು ಕಡೆಗೆ ವಾಲಿತು. ಕ್ಲಾಂಪು ಬಿಟ್ಟಿತ್ತು. ಮೇಲಿದ್ದವನು ಕಂಬವನ್ನು ಬಾಚಿ ತಬ್ಬಿಕೊಂಡ. ಅಡ್ಡ ಕಬ್ಬಿಣ ಅವನ ತಲೆಯ ಮೇಲೆ ಬೀಳಬೇಕಿತ್ತು. ಅದನ್ನು ಒಂದೇ ಒಂದು ಓರೆ ಪಟ್ಟಿ ಹಿಡಿದುಕೊಂಡಿತ್ತು. ಅದಕ್ಕೆ ಚುಕ್ಕೆ ಇರಲಿಲ್ಲ, ಯಾರೂ ಅದನ್ನು ಬಡಿದು ಕೇಳಿರಲಿಲ್ಲ, ಬೇರೆ ಯಾರೋ ನೆಟ್ಟಗೆ ಮಾಡಿದ ಸಾಮಾನು ಅದು. ಟ್ರಾಕ್ಟರು ನಿಂತಿತು. ತಂತಿ ಸಡಿಲವಾಗಿ ಮತ್ತೆ ಹುಲ್ಲಿಗೆ ಮಲಗಿತು.

ಕಂಬದ ಮೇಲಿನವನು ತುಂಬ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಒಂದು ಕಾಲು ಕೆಳಗಿಟ್ಟ, ಇನ್ನೊಂದು ಕಾಲು. ನೆಲಕ್ಕೆ ಬಂದವನೇ ಕಂಬಕ್ಕೆ ಬೆನ್ನು ಕೊಟ್ಟು ಕೂತು, ತಲೆಯ ಮೇಲೆ ಎರಡೂ ಕೈ ಹೊತ್ತುಕೊಂಡ. ಮೇಷ್ಟ್ರು ಅವನ ಹತ್ತಿರ ಹೋಗಿ ನಿಂತರು. ಅವನಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಮುಖ ಬಿಳುಚಿಕೊಂಡಿತ್ತು. ಯಾರೋ ಹಿರಿಯರು ಓಡಿ ಬಂದರಲ್ಲ ಎಂದು ಪಾಪ, ಕೈಮುಗಿದ. ಮೇಷ್ಟ್ರಿಗೆ ಅದನ್ನು ನೋಡಲಾಗಲಿಲ್ಲ.

ಉಡ ಏದುಸಿರು ಬಿಡುತ್ತ ಬಂದ. ಮೇಷ್ಟ್ರು ಜೇಬಿನಿಂದ ಫೋನು ತೆಗೆದು ಮಾಲೀಕರಿಗೆ ಹಚ್ಚಿ, ಆ ಕಡೆ ಎತ್ತಿದ್ದಾರೆಯೇ ಎಂದು ತಮ್ಮನ ಕಿವಿಗಿಟ್ಟು ಕೇಳಿ, ತಾವು ಮಾತಾಡಿದರು. "ನಾನು. ಇಲ್ಲಿ ಲೈನಿನಲ್ಲಿ ಕ್ಲಾಂಪು ಬಿಟ್ಟಿದೆ. ಯಾರಿಗೂ ಪೆಟ್ಟಾಗಿಲ್ಲ. ಲೈನಿನ ಆಫೀಸಿಗೆ ಫೋನು ಮಾಡಿ, ಎಲ್ಲಾ ಕಡೆ ಎಲ್ಲರನ್ನೂ ಕಂಬದಿಂದ ಇಳಿಸಿ. ತಪ್ಪು ಕುಲುಮೆಯವರದ್ದಷ್ಟೇ ಅಲ್ಲ. ನನಗೆ ಕಿವಿ ಕೇಳ್ಸಲ್ಲ. ಬಿರುಕು ಇದ್ದಿದ್ದನ್ನ ಪಾಸು ಮಾಡಿದ್ದು ನಾನೇ." ಇಷ್ಟು ಹೇಳಿ ಫೋನನ್ನು ತಮ್ಮನಿಗೆ ಕೊಟ್ಟರು.

ಉಡ ಕೇಳಿಸಿಕೊಂಡ. ಅವನ ಮುಖ ಸ್ವಲ್ಪ ತಿಳಿಯಾಯಿತು. ಫೋನಿನ ಬಾಯಿಗೆ ಅಂಗೈ ಮುಚ್ಚಿ, ಅಣ್ಣನ ಕಡೆ ತಿರುಗಿದ. "ಈ ಲಾಟು ಒಂದೇ ತಾನೇ ಅಂತ ಕೇಳ್ತಿದ್ದಾರೆ."

ಮೇಷ್ಟ್ರು ವಾಲಿದ ಅಡ್ಡ ಕಬ್ಬಿಣದ ಕಡೆ ನೋಡಿದರು. ಉಡ ಸರಿದು ಅವರ ಮುಖದೆದುರು ನಿಂತ.

"ಹೂಂ ಅಂದ್ಬಿಡಣ್ಣ. ಒಂದು ಲಾಟು ಅಂದ್ರೆ ಮುಗಿದುಹೋಗುತ್ತೆ. ಶೀತ ಆಗಿತ್ತು, ಆ ವಾರ ಕಿವಿ ಕಟ್ಟಿತ್ತು ಅನ್ನೋಣ. ರಿಟೈರಾಗೋಕೆ ಇನ್ನೆರಡೇ ವರ್ಷ ಅಲ್ವಾ. ನನ್ನ ಗ್ಯಾಂಗಿಗೆ ಬಂದಿದ್ದನ್ನೆಲ್ಲ ನಾನು ಬಡಿದೇ ಹಾಕಿದ್ದೀನಿ, ನಿನ್ನಾಣೆ."

ಎಂಟು ತಿಂಗಳಿಂದ ಮೇಷ್ಟ್ರು ಕೇಳಿಸದ ಮಾತಿಗೆಲ್ಲ ಹೂಂ ಅಂದಿದ್ದರು. ಈ ಮಾತು ಅಕ್ಷರ ಅಕ್ಷರವೂ ತಿಳಿದಿತ್ತು. ಅವರ ಕಣ್ಣ ಮುಂದೆ ದಾರಿಯ ಕಂಬಗಳು ಬಂದವು. ಬಸ್ಸಿಗೆ ಕಾಯುವವರ ತಲೆಯ ಮೇಲಿನದು, ಶಾಲೆಯ ಕಾಂಪೌಂಡಿನ ಪಕ್ಕದ್ದು, ಸಂತೆ ಬಯಲಿನದು. ಯಾವ ತಮ್ಮನೂ ಬಡಿದು ನೋಡದ ಕ್ಲಾಂಪುಗಳು. ಭಯವಾಯಿತು, ಬೆಳಗಿನದಕ್ಕಿಂತ ದೊಡ್ಡ ಭಯ. ಬೆಳಿಗ್ಗೆ ಹೆದರಿದ್ದು ಒಬ್ಬನಿಗಾಗಿ.

"ಅಲ್ಲ ಅಂತ ಹೇಳು" ಎಂದರು.

"ಅಣ್ಣ..."

"ಎಂಟು ತಿಂಗಳು. ಎಲ್ಲಾ ಲಾಟು. ಎಲ್ಲಾ ಊರು. ಹೇಳು."

ಉಡ ಅಂಗೈ ತೆಗೆದು, ಬೆನ್ನು ತಿರುಗಿಸಿಕೊಂಡು ಹೇಳಿದ. ಮಾಲೀಕರು ಏನಂದರೋ, ಎಷ್ಟು ಹೊತ್ತು ಅಂದರೋ, ಮೇಷ್ಟ್ರಿಗೆ ಕೇಳಿಸಲಿಲ್ಲ. ಅವರು ಹೋಗಿ ತಮ್ಮನ ಪಾನಾ ತಂದು, ಬುಡದಲ್ಲಿ ಕೂತಿದ್ದವನ ಕೈಗೆ ಕೊಟ್ಟರು.

"ಇನ್ಮೇಲೆ ಪ್ರತಿಯೊಂದನ್ನೂ ಬಡಿದು ಕೇಳಪ್ಪ" ಅಂದರು. "ಚುಕ್ಕೆ ಯಾರದ್ದೇ ಇರಲಿ."